ನೀರಿನೊಳಗಿನ ಕಲ್ಲು

ನಮ್ಮ ಬಸರಾಳಿನಲ್ಲಿ ಕಲ್ಲಿಗೆ ಬರವಿಲ್ಲ. 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದ ಕಲ್ಲನ್ನು ನೋಡಲು ಜನ ದೂರದಿಂದ ಬರುತ್ತಾರೆ. ನಮ್ಮ ಮನೆಯ ಕಲ್ಲಾದರೋ ನಲ್ಲಿಯಲ್ಲೇ ಬರುತ್ತದೆ. ಕೊಳವೆಬಾವಿಯ ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಗಟ್ಟಿಯಾಗಿ ಗೀಸರಿನ ಕಾಯಿಲಿಗೆ ಅಂಟುತ್ತದೆ. ಶಾಖ ನೀರಿಗೆ ಸರಿಯಾಗಿ ದಾಟದೆ ಕಾಯಿಲೇ ಸುಟ್ಟುಹೋಗುತ್ತದೆ. ನಾಲ್ಕು ವರ್ಷದಲ್ಲಿ ನಮ್ಮಲ್ಲಿ ಎರಡು ಹೋದವು.

ಅಮ್ಮನ ತಾಮ್ರದ ಹಂಡೆ ಇಂಥ ನೀರನ್ನೇ ನಲವತ್ತು ವರ್ಷ ಕಾಯಿಸಿತು. ಅದಕ್ಕೂ ಕಲ್ಲು ಕಟ್ಟುತ್ತಿತ್ತು. ಹುಣಸೆಯ ಹುಳಿಗೆ ಸುಣ್ಣ ಕರಗುತ್ತದೆ. ಅಮ್ಮ ಹುಣಸೆಹಣ್ಣು ಹಚ್ಚಿ, ಹಂಡೆಯೊಳಗೆ ಬಗ್ಗಿ ತಿಕ್ಕುತ್ತಿದ್ದಳು. ಆಕೆಯ ಬೆರಳುಗಳಲ್ಲಿ ಆ ಬಿರುಕು ಇನ್ನೂ ಇವೆ. ಗೀಸರು ಕೆಟ್ಟಾಗಲೆಲ್ಲ, ಹಂಡೆಯ ಕಾಲವೇ ಚೆನ್ನಾಗಿತ್ತು ಎನ್ನುವ ಹಿರಿಯರು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಹಂಡೆ ತಿಕ್ಕಿದವರು ಒಬ್ಬರೂ ಇಲ್ಲ.