ಕಡಲಿಗೆ ಬೆನ್ನು ಮಾಡಿದ ಮನೆ

ಮುಂಬಯಿಗೆ ಹೋದವರು ತಾಜಮಹಲ್ ಹೋಟೆಲನ್ನು ಹೊರಗಿನಿಂದಲಾದರೂ ನೋಡದೆ ಬರುವುದು ಅಪರೂಪ. ಮಕ್ಕಳು ಚಿಕ್ಕವರಿದ್ದಾಗ ನಾವೂ ಅವರನ್ನು ಕರೆದುಕೊಂಡು ಗೇಟ್‌ವೇ ಆಫ್ ಇಂಡಿಯಾದ ಬಳಿ ನಿಂತು ಅದರ ಕೆಂಪು ಗುಮ್ಮಟವನ್ನು ಕಣ್ತುಂಬ ನೋಡಿದೆವು. ಒಳಗೆ ಕಾಲಿಡುವ ಧೈರ್ಯವಾಗಲಿಲ್ಲ. ಕಾಲಲ್ಲಿ ಧೂಳು ಹಿಡಿದ ಚಪ್ಪಲಿ, ಕೈಯಲ್ಲಿ ರೊಟ್ಟಿಯ ಬುತ್ತಿ! ಅಲ್ಲಿಯೇ ಕುಳಿತು, ಯಾರಿಂದಲೋ ಕೇಳಿದ್ದ ಕಥೆಯನ್ನು ಮಕ್ಕಳಿಗೆ ಹೇಳಿದೆವು: ಕಟ್ಟುವವರು ನಕ್ಷೆಯನ್ನು ತಿರುವುಮುರುವು ಹಿಡಿದು ಹಿಂಭಾಗವನ್ನು ಕಡಲಿನ ಕಡೆಗೆ ಕಟ್ಟಿದರು, ಅದನ್ನು ಕಂಡ ವಾಸ್ತುಶಿಲ್ಪಿ ನೊಂದು ಪ್ರಾಣ ಕಳೆದುಕೊಂಡನು ಎಂದು.

ಅದು ಸುಳ್ಳೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಕ್ಷೆ ತಯಾರಿಸಿದವರು ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕೆಲಸ ಮುಗಿಯುವ ಮೊದಲೇ ವೈದ್ಯರು ತೀರಿಕೊಳ್ಳಲು, ಚೇಂಬರ್ಸ್ ಎಂಬ ಆಂಗ್ಲರು ಅದನ್ನು ಪೂರೈಸಿದರು. ಬಾಗಿಲನ್ನು ಊರಿನ ಕಡೆಗೆ ಇಟ್ಟದ್ದು ಬುದ್ಧಿಪೂರ್ವಕವಾಗಿಯೇ. ಗಾಡಿಗಳು ಬರುತ್ತಿದ್ದುದು ಆ ಕಡೆಯಿಂದ, ಹೆಚ್ಚು ಕೋಣೆಗಳಿಗೆ ಕಡಲ ಗಾಳಿಯೂ ಸಿಗಬೇಕಾಗಿತ್ತು. ಒಳ್ಳೆಯ ಕೆಲಸ ಮಾಡಿ ಹೋದ ಒಬ್ಬ ಭಾರತೀಯರ ತಲೆಗೆ ಇಲ್ಲದ ತಪ್ಪನ್ನು ಕಟ್ಟಿದೆವಲ್ಲ ಎಂದು ನಾಚಿಕೆಯಾಯಿತು.

ಹೋಟೆಲು ತೆರೆದದ್ದು 1903ರ ಡಿಸೆಂಬರ್ 16ರಂದು. ಎದುರಿನ ಗೇಟ್‌ವೇ ಪೂರ್ಣಗೊಂಡದ್ದು 1924ರಲ್ಲಿ. ಕಟ್ಟಿಸಿದ ಜಮಶೇಟಜಿ ಟಾಟಾ ಅವರು ಮುಂದಿನ ಮೇ ತಿಂಗಳಲ್ಲಿಯೇ ಜರ್ಮನಿಯಲ್ಲಿ ನಿಧನರಾದರು. ಬೆಂಗಳೂರಿನಲ್ಲಿ ಇಂದಿಗೂ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಅವರ ಕನಸಿನ ಆ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಮೊದಲ ಮಹಾಯುದ್ಧದಲ್ಲಿ ಈ ವೈಭವದ ಹೋಟೆಲು ಆರುನೂರು ಹಾಸಿಗೆಗಳ ಆಸ್ಪತ್ರೆಯಾಗಿತ್ತೆಂಬುದನ್ನು ಓದಿದಾಗ ನಮಗೆ ಅದರ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು.

2008ರ ನವೆಂಬರ್ 26ರ ರಾತ್ರಿ ಆ ಗುಮ್ಮಟದಿಂದ ಹೊಗೆಯೇಳುವುದನ್ನು ಮನೆಮಂದಿಯೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅಡಿಗೆಯವರು, ಬಡಿಸುವವರು ಹಿಂಬಾಗಿಲುಗಳನ್ನೆಲ್ಲ ಬಲ್ಲವರು. ತಾವೇ ಮೊದಲು ಪಾರಾಗಬಹುದಾಗಿತ್ತು. ಆದರೆ ಅತಿಥಿಗಳನ್ನು ಮುಂದೆ ಕಳಿಸಿ ಹಿಂದೆ ಉಳಿದರು, ಕೆಲವರು ಮರಳಿ ಬರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರೂ 28ರಂದು ಅಲ್ಲಿಯೇ ವೀರಮರಣ ಹೊಂದಿದರು.

ಸುಟ್ಟ ಭಾಗ 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಅನಂತರದಲ್ಲಿ ಮಗಳು ಹಟಹಿಡಿದು ನಮ್ಮನ್ನು ಒಳಗೆ ಕರೆದೊಯ್ದಳು. ಚಹದ ಬೆಲೆಯನ್ನು ಇಲ್ಲಿ ಬರೆಯದಿರುವುದೇ ಲೇಸು! ಕುಡಿಯುತ್ತಿರುವಾಗ ಮೊಮ್ಮಗ, "ಅಜ್ಜಾ, ಇದನ್ನು ತಿರುವಿ ಕಟ್ಟಿದರಂತೆ, ಹೌದೇ? ಅವ್ವ ಹೇಳಿದಳು" ಎಂದನು.

ಮಗಳು ನಮ್ಮ ಮುಖ ನೋಡಿದಳು. ಅವಳಿಗೆ ಹೇಳಿದವರು ಯಾರು? ನಾವೇ. ಚಹ ಆರಿದರೂ ಆಗಲಿ ಎಂದು ಹುಡುಗನ ಕೈಹಿಡಿದು ಎದ್ದು, ಈಜುಕೊಳದ ಕಡೆಗೆ ಹೋಗಿ, ಹಿಂದೆ ಹೆಬ್ಬಾಗಿಲಿದ್ದ ದಿಕ್ಕನ್ನು ತೋರಿಸಿ, ವೈದ್ಯರ ಹೆಸರಿನಿಂದ ಕಥೆಯನ್ನು ಮೊದಲು ಮಾಡಿದೆವು.