ಬಹುಮಾನ ಕೊಡುವ ದಿನ

ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ 30 ವರ್ಷ ಪಾಠ ಹೇಳಿದವನಿಗೆ ಸಭೆ ಸಮಾರಂಭಗಳೇನು ಹೊಸವಲ್ಲ. ಜಮಖಾನೆ ಹಾಸಿದ್ದೇನೆ, ಸ್ವಾಗತಗೀತೆ ಕಲಿಸಿದ್ದೇನೆ, ಅತಿಥಿಗಳ ಮೋಟಾರು ಬರುವ ದಾರಿಯನ್ನು ನೋಡುತ್ತ ಬಿಸಿಲಿನಲ್ಲಿ ನಿಂತಿದ್ದೇನೆ, ಕೊನೆಗೆ ಖಾಲಿ ಕುರ್ಚಿಗಳೆದುರು ಆಭಾರವನ್ನೂ ಮನ್ನಿಸಿದ್ದೇನೆ. ಆದರೆ ಇದೆಲ್ಲವನ್ನು ಯಾರ ಸಲುವಾಗಿ ಮಾಡುತ್ತೇವೆಂಬ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿದ್ದು ನಿವೃತ್ತಿ ಸಮೀಪಿಸಿದಾಗ. ಅದೂ ಒಬ್ಬ ತಾಯಿಯ ಒಂದು ಮಾತಿನಿಂದ.

ಆ ವರ್ಷ ಹತ್ತನೆಯ ಇಯತ್ತೆಯನ್ನು ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಪಾಸಾದ 60 ಮಕ್ಕಳನ್ನು ಒಂದೆಡೆ ಕರೆದು ಪುರಸ್ಕರಿಸುವದೆಂದು ನಾನಿದ್ದ ಸಮಿತಿಯು ನಿಶ್ಚಯಿಸಿತ್ತು. ಫಲಿತಾಂಶ ಬಂದದ್ದು ಬೇಸಿಗೆಯ ಕೊನೆಗೆ. ಸಮಾರಂಭವನ್ನು ಇಟ್ಟುಕೊಂಡದ್ದು ರಾಜ್ಯೋತ್ಸವದ ನಂತರದ ರವಿವಾರ. ನವೆಂಬರ ಒಂದನೆಯ ತಾರೀಖು ಕನ್ನಡಿಗರಿಗೆ ಶುಭದಿನ, ಸರಿ. ಆದರೆ ನಮ್ಮದು ಮಳೆಯಿಲ್ಲದ ಸೀಮೆ. ದೀಪಾವಳಿಯ ಸುಮಾರಿಗೆ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ. ಗಂಡಹೆಂಡಿರು ಕೊಯಿತ ಕಟ್ಟಿಕೊಂಡು ಹೊಳೆಸಾಲಿನ ಸಕ್ಕರೆ ಕಾರಖಾನೆಗಳ ಕಡೆಗೆ ಕಬ್ಬು ಕಡಿಯಲು ಹೊರಡುತ್ತಾರೆ. ಇದನ್ನು ಅರಿಯದವರಾರೂ ಸಮಿತಿಯಲ್ಲಿರಲಿಲ್ಲ. ಅರಿತೂ ಆ ದಿನವನ್ನೇ ಗೊತ್ತುಮಾಡಿದೆವು.

ಮುಂಜಾನೆ 10 ಗಂಟೆಗೆ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಮುಖ್ಯ ಅತಿಥಿಗಳು ಬಂದಾಗ 12 ಹೊಡೆದು ಹೋಗಿತ್ತು. ವೇದಿಕೆಯ ಮೇಲೆ 22 ಜನ ಗಣ್ಯರು. ಪ್ರತಿಯೊಬ್ಬರಿಗೂ ಶಾಲು, ಶ್ರೀಫಲ, ಹಾರ, ಮೇಲೆ ಫೇಟಾ. ಫೇಟಾ ಸುತ್ತಬಲ್ಲವನು ಊರಿಗೆಲ್ಲ ಒಬ್ಬನೇ. ತಲೆಗೆ ಎರಡು ನಿಮಿಷವೆಂದರೂ ಮುಕ್ಕಾಲು ಗಂಟೆಯಾಯಿತು. ಆಮೇಲೆ ಭಾಷಣಗಳು. ಒಬ್ಬರು 1948ರಲ್ಲಿ ಜತ್ತ ಸಂಸ್ಥಾನವು ವಿಲೀನವಾದಲ್ಲಿಂದ ಆರಂಭಿಸಿ, 1956ರ ರಾಜ್ಯಗಳ ಪುನರ್ರಚನೆಯನ್ನು ದಾಟಿ, 1967ರ ಮಹಾಜನ ವರದಿಯವರೆಗೆ ಬಂದರು. ಅವರು ಕುಳಿತ ಮೇಲೆ ಎದ್ದವರು ಮತ್ತೆ 1948ಕ್ಕೆ ಹೋದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಮಂಟಪದ ಅಂಚಿಗೆ ಕುಳಿತ ಮಕ್ಕಳ ಬೆನ್ನ ಮೇಲೆ ಬಿಸಿಲು ಏರಿ, ಇಳಿದು, ಮುಖದ ಮೇಲೆ ಬಂದಿತ್ತು.

ನಿರೂಪಣೆ ನನ್ನದು. ಕೈಯಲ್ಲಿದ್ದ ಯಾದಿಯನ್ನು ಯಾರೋ ದೇವನಾಗರಿಯಲ್ಲಿ ಬೆರಳಚ್ಚು ಮಾಡಿಸಿದ್ದರು. ಮರಾಠಿಯ ಬರವಣಿಗೆಯಲ್ಲಿ ನಮ್ಮ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಗುರುತಿಲ್ಲವಷ್ಟೆ. ಹೊನ್ನವ್ವ ಹೋನ್ನವ್ವಳಾದಳು, ಚೆನ್ನಪ್ಪ ಚೇನ್ನಪ್ಪನಾದ. ಒಬ್ಬ ಹುಡುಗ ತನ್ನ ಹೆಸರನ್ನೇ ಗುರುತಿಸದೆ ಕುಳಿತುಬಿಟ್ಟ. ಗೆಳೆಯರು ತಿವಿದು ಎಬ್ಬಿಸಿದಾಗ ಸಭೆಯೆಲ್ಲ ನಕ್ಕಿತು. ಕನ್ನಡ ಮಾಧ್ಯಮದ ಮಗುವಿಗೆ ಕನ್ನಡ ಸಭೆಯಲ್ಲಿ, ಕನ್ನಡ ಮಾಸ್ತರನೇ ಹೆಸರು ಕೆಡಿಸಿ ಕರೆದ. ಪುಣೆಯ ಬಾಲಭಾರತಿಯವರು ನಮ್ಮ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡುತ್ತಾರೆ. ನಮಗೆ 60 ಹೆಸರು ಕನ್ನಡದಲ್ಲಿ ಬರೆದುಕೊಳ್ಳಲಾಗಲಿಲ್ಲ.

ಐದು ಗಂಟೆಯ ಹೊತ್ತಿಗೆ ಒಬ್ಬ ಹುಡುಗಿಯ ಹೆಸರನ್ನು ಕೂಗಿದೆ. ಯಾರೂ ಏಳಲಿಲ್ಲ. ‘ಗೈರುಹಾಜರು’ ಎಂದು ಮುಂದಿನ ಹೆಸರಿಗೆ ಹೋದೆ. ಅವಳು ಗೈರುಹಾಜರಾಗಿರಲಿಲ್ಲ. ಮುಂಜಾನೆ ಒಂಬತ್ತಕ್ಕೇ ಬಂದು ಎಂಟು ತಾಸು ಕುಳಿತು, ತಮ್ಮ ಊರಿನ ಕಡೆಯ ಬಸ್ಸು ತಪ್ಪೀತೆಂದು ತಾಯಿಯೊಡನೆ ಆಗಷ್ಟೇ ಎದ್ದು ಹೋಗಿದ್ದಳೆಂದು ಆಮೇಲೆ ತಿಳಿಯಿತು.

ಮರುದಿನ ಮುಂಜಾನೆ ಪ್ರಶಸ್ತಿಪತ್ರವನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಅವರ ವಸ್ತಿಗೆ ಹೋದೆ. ಅಂಗಳದಲ್ಲಿ ಗಂಟುಮೂಟೆ ಕಟ್ಟಿಟ್ಟಿತ್ತು. ತಂದೆ ಗುಂಪಿನವರ ಕೂಡ ಮೊದಲೇ ಕಬ್ಬಿಗೆ ಹೋಗಿದ್ದ. ತಾಯಿ ಮಗಳ ಬಹುಮಾನವನ್ನು ನೋಡಿಯೇ ಹೋಗಬೇಕೆಂದು ನಾಲ್ಕು ದಿನ ಹಿಂದೆ ಉಳಿದಿದ್ದಳು. ನಾಲ್ಕು ದಿನದ ಕೂಲಿ ಎಂದರೆ ಎಷ್ಟೆಂದು ಓದುಗರು ಬಲ್ಲರು. ನಾನು ಪತ್ರವನ್ನು ಕೊಟ್ಟೆ. ಆಕೆ ಅದನ್ನು ಎರಡೂ ಕೈಗಳಿಂದ ಹಿಡಿದು ನೋಡಿದಳು, ಓದಲು ಬಾರದು. ಆಮೇಲೆ ಸಿಟ್ಟಿಲ್ಲದೆಯೇ ಹೇಳಿದಳು: “ಮಂದ್ಯಾಗ ಕೊಡಲಿಲ್ಲಲ್ಲರಿ ಗುರುಗಳ. ಮನ್ಯಾಗ ಕೊಟ್ಟರ ಯಾರ್ ನೋಡ್ತಾರ್ರಿ?”

ನನಗೆ ಉತ್ತರ ಹೊಳೆಯಲಿಲ್ಲ. ಮಗಳನ್ನು ಕನ್ನಡ ಶಾಲೆಗೆ ಯಾಕೆ ಹಾಕಿದಿ, ಮುಂದೆ ನೌಕರಿ ಸಿಕ್ಕೀತೇ ಎಂದು ಆ ತಾಯಿಯನ್ನು ಹತ್ತು ಜನ ಹತ್ತು ಸಲ ಕೇಳಿರಬೇಕು. ಆ ಹತ್ತು ಜನರ ಕಣ್ಣೆದುರು ಮಗಳು ವೇದಿಕೆಯನ್ನು ಹತ್ತುವದೇ ಅವಳಿಗೆ ಉತ್ತರವಾಗಿತ್ತು. ಆ ಉತ್ತರವನ್ನು ನಾವು ಫೇಟಾಗಳಿಗೆ ಖರ್ಚು ಮಾಡಿದ್ದೆವು.

ಮುಂದಿನ ವರ್ಷದ ಸಭೆಯಲ್ಲಿ ನಾನು ಈ ಸಂಗತಿಯನ್ನು ಎತ್ತಿದೆ. ಶಾಲು ಹಾರಗಳನ್ನು ಬಿಡೋಣವೆಂದಾಗ ಹಿರಿಯರೊಬ್ಬರು, “ಗುರುಗಳೇ, ದೇಣಿಗೆ ಕೊಟ್ಟವರನ್ನು ಸತ್ಕರಿಸದಿದ್ದರೆ ಬರುವ ವರ್ಷ ಬಹುಮಾನಕ್ಕೆ ಹಣ ಎಲ್ಲಿಂದ ತರುತ್ತೀರಿ?” ಎಂದರು. ಮಾತು ಸುಳ್ಳಲ್ಲ, ನಮ್ಮ ಸಮಿತಿಗೆ ಹೊಲವೂ ಇಲ್ಲ, ಮಠವೂ ಇಲ್ಲ. ನಾನು ನೆರೆಯ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ನೆನಪು ಮಾಡಿಕೊಟ್ಟೆ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ಪ್ರಧಾನಿಗಳಿಗೆ ವಿನಯದಿಂದ ಪತ್ರ ಬರೆದವರು ಅವರು. ತಮ್ಮ ಹಿಂದೆ ಸ್ಮಾರಕ ಕೂಡ ಬೇಡವೆಂದು ಬರೆದಿಟ್ಟು 2023ರ ಜನವರಿಯಲ್ಲಿ ದೇಹ ಬಿಟ್ಟರು. ಹಿರಿಯರು ನಕ್ಕರು. “ಎಲ್ಲರೂ ಸಿದ್ಧೇಶ್ವರರಾದರೆ ದೇಣಿಗೆ ಯಾರು ಕೊಡುತ್ತಾರೆ?” ಎಂದರು. ಅದೂ ನಿಜವೇ.

ಕೊನೆಗೆ ದಾರಿ ತೋರಿಸಿದವರು ಒಬ್ಬ ಶಿಕ್ಷಕಿ. ದೇಣಿಗೆ ಕೊಟ್ಟವರೇ ತಮ್ಮ ಕೈಯಿಂದ ಮಗುವಿಗೆ ಬಹುಮಾನ ಕೊಡಲಿ, ಯಾರ ಸ್ಮರಣೆಗಾಗಿ ಕೊಡುತ್ತಾರೋ ಆ ತಂದೆತಾಯಿಯ ಹೆಸರನ್ನು ಮಗುವಿನ ಹೆಸರಿನೊಡನೆ ಓದೋಣ ಎಂದರು. ಇದಕ್ಕೆ ವಿರೋಧ ಹುಟ್ಟಲಿಲ್ಲ. ತನ್ನ ತಾಯಿಯ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳಿದವನಿಗೆ ಶಾಲಿನ ನೆನಪೇ ಬಾರದೆಂಬುದನ್ನು ಆಮೇಲೆ ಕಂಡೆವು.

2021ರ ನವೆಂಬರದಲ್ಲಿ ರಾಷ್ಟ್ರಪತಿ ಭವನದಲ್ಲಿ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ನಡೆದು ಬಂದು ಪದ್ಮಶ್ರೀ ಪಡೆದುದನ್ನು ಅನೇಕರು ನೋಡಿದ್ದಾರೆ. ಹೆಸರು ಕರೆದರು, ಅವರು ನಡೆದರು, ರಾಷ್ಟ್ರಪತಿಗಳು ಕೊಟ್ಟರು. ನಡುವೆ ಯಾರ ಭಾಷಣವೂ ಇರಲಿಲ್ಲ. ಅಲ್ಲಿ ಮೊದಲೇ ತಾಲೀಮು ಮಾಡಿಸಿರುತ್ತಾರೆ. ದಿಲ್ಲಿಯ ವೈಭವ ನಮಗೆ ಬೇಡ, ತಾಲೀಮು ಬೇಕು. ಮಗುವಿಗೆ ಅರ್ಧ ನಿಮಿಷವಾದರೆ 60 ಮಕ್ಕಳಿಗೆ ಅರ್ಧ ತಾಸು. ತಾಯಿಯನ್ನೋ ತಂದೆಯನ್ನೋ ಜೊತೆಗೆ ಕರೆದರೆ ಒಂದು ತಾಸು. ಅದಕ್ಕೆ ಬೇಕಾದುದೆಂದರೆ ಕರೆಯುವ ಕ್ರಮದಲ್ಲಿಯೇ ಮಕ್ಕಳು ಕುಳಿತಿರಬೇಕು, ಪ್ರಶಸ್ತಿಪತ್ರಗಳು ಅದೇ ಕ್ರಮದಲ್ಲಿ ಮೇಜಿನ ಮೇಲಿರಬೇಕು, ಮುಂದಿನ ಐವರು ಮೆಟ್ಟಿಲ ಬಳಿ ನಿಂತಿರಬೇಕು. ಯಾದಿಯನ್ನು ವಾರದ ಮುಂಚೆ ಕನ್ನಡದಲ್ಲಿ ಬರೆದು ಶಾಲೆಗಳಿಗೆ ಕಳಿಸಿದೆವು. ಮಕ್ಕಳೇ ತಮ್ಮ ಹೆಸರನ್ನು ನೋಡಿ ತಿದ್ದಿ ಸಹಿ ಹಾಕಿದರು. ಎಷ್ಟು ಕಾಗುಣಿತದ ತಪ್ಪುಗಳು ಹೊರಬಿದ್ದವೆಂಬುದನ್ನು ಇಲ್ಲಿ ಹೇಳಲು ಸಂಕೋಚವಾಗುತ್ತದೆ, ಏಕೆಂದರೆ ಬರೆದವನು ನಾನು.

ದಿನವನ್ನು ಶ್ರಾವಣಕ್ಕೆ ತಂದೆವು. ಬಹುಮಾನ ಮೊದಲು, ಭಾಷಣ ಆಮೇಲೆ, ಅದೂ ಒಬ್ಬರದೇ. ಅತಿಥಿಗಳು ತಡವಾದರೆ ಊರಿನ ಹಳೆಯ ಮಾಸ್ತರರ ಕೈಯಿಂದ ಆರಂಭಿಸುವದೆಂದು ಪತ್ರದಲ್ಲಿಯೇ ಬರೆದು ತಿಳಿಸಿದೆವು. ಅತಿಥಿಗಳು ಹತ್ತು ನಿಮಿಷ ಮೊದಲೇ ಬಂದರು!

ಬಗೆಹರಿಯದ ಸಂಗತಿಯೊಂದು ಉಳಿದಿದೆ. ತಾಂಡೆಯ ಹುಡುಗನೊಬ್ಬ ಮನೆಯಲ್ಲಿ ಲಮಾಣಿ ಆಡುತ್ತಾನೆ, ಸಂತೆಯಲ್ಲಿ ಮರಾಠಿ ಆಡುತ್ತಾನೆ, ಶಾಲೆಯಲ್ಲಿ ಕನ್ನಡ ಕಲಿತು ನೂರಕ್ಕೆ 58 ಅಂಕ ಪಡೆಯುತ್ತಾನೆ. ನಮ್ಮ ಯಾದಿಯಲ್ಲಿ ಅವನಿಗೆ ಸ್ಥಳವಿಲ್ಲ. ಅಂಕ ಬಿಟ್ಟು ಬೇರೆ ಅಳತೆ ಇಟ್ಟರೆ ವಶಿಲಿ ನಡೆಯುತ್ತದೆಂದು ಕೆಲವರ ವಾದ. ಎರಡು ವರ್ಷದಿಂದ ಚರ್ಚೆ ನಡೆದಿದೆ. ನಾನು ಹುಡುಗನ ಪಕ್ಷ.

ಹೊಸ ಪದ್ಧತಿಯ ಮೊದಲ ವರ್ಷ ಒಂದು ಗಂಟೆಗೆ ಎಲ್ಲವೂ ಮುಗಿದು ಮಕ್ಕಳು ಬಸ್ ಸ್ಟ್ಯಾಂಡಿನ ಕಡೆಗೆ ಹೊರಟಿದ್ದರು. ಧ್ವನಿವರ್ಧಕದವನು ತಂತಿ ಸುತ್ತುವದನ್ನು ಬಿಟ್ಟು ನನ್ನ ಬಳಿಗೆ ಬಂದು ಸಣ್ಣ ದನಿಯಲ್ಲಿ ಕೇಳಿದ: “ಇಷ್ಟ ಲಗೂ ಮುಗೀತಲ್ರಿ ಸರ. ಬಾಡಿಗಿ ಮಾತ್ರ ಇಡೀ ದಿನದ್ದ ಕೊಡ್ತೀರಲ್ರಿ?”