ಹತ್ತು ಸೆಕೆಂಡುಗಳ ಗೈರುಹಾಜರಿ

ಮೂರನೆಯ ತರಗತಿಯ ಬಾಲಕಿಯೊಬ್ಬಳು ಏಳರ ಮಗ್ಗಿಯನ್ನು ಒಪ್ಪಿಸುತ್ತಿದ್ದಂತೆ ನಡುವೆಯೇ ನಿಂತುಬಿಟ್ಟಳು. ನೋಟ ಗೋಡೆಯಲ್ಲಿ ನೆಟ್ಟಿತ್ತು. ರೆಪ್ಪೆಗಳು ಮಾತ್ರ ಮೆಲ್ಲನೆ ಅದುರುತ್ತಿದ್ದವು. ಹೆಸರು ಹಿಡಿದು ಕರೆದರೂ ಓಗೊಡಲಿಲ್ಲ. ಹತ್ತು ಸೆಕೆಂಡುಗಳಲ್ಲಿ ಎಚ್ಚತ್ತಳಾದರೂ ಎಲ್ಲಿ ನಿಲ್ಲಿಸಿದ್ದಳೆಂಬುದು ಅವಳಿಗೆ ತಿಳಿಯದು. ಅದನ್ನು ಉದಾಸೀನವೆಂದು ಬಗೆದ ಅಧ್ಯಾಪಕರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಆ ಶಿಕ್ಷೆ ಹಲವು ದಿನ ನಡೆಯಿತು.

ಒಂದು ಸಂಜೆ ಆಟದ ಬಯಲಿನಲ್ಲಿ ಕುಂಟಾಟದ ನಡುವೆಯೂ ಅವಳು ಹಾಗೆಯೇ ಸ್ತಬ್ಧಳಾದುದನ್ನು ಕಂಡಾಗ ಅವರ ಮನಸ್ಸು ಕಳವಳಗೊಂಡಿತು. ಪಾಠ ಬೇಸರವಾದೀತು, ಆಟವೂ ಬೇಸರವೇ? ಮರುದಿನವೇ ಪಾಲಕರನ್ನು ಕರೆಸಿ ವೈದ್ಯರಲ್ಲಿಗೆ ಕಳುಹಿಸಿದರು.

ಅದು ಅಪಸ್ಮಾರದ ಒಂದು ಬಗೆ. ವೈದ್ಯರು ಇದನ್ನು ‘ಆಬ್ಸೆನ್ಸ್’, ಎಂದರೆ ಗೈರುಹಾಜರಿ, ಎಂದು ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಹಾಜರಿರುವ ಮಗು ಆ ಕ್ಷಣಗಳಲ್ಲಿ ಅಲ್ಲಿರುವುದಿಲ್ಲ. ಸಾಮಾನ್ಯವಾಗಿ 4ರಿಂದ 10 ವರ್ಷಗಳ ನಡುವೆ ತೋರುವ ಈ ವ್ಯಾಧಿ ದಿನಕ್ಕೆ ಹತ್ತಾರು ಸಲ ಮರುಕಳಿಸಬಹುದು. ಹಗಲುಗನಸು ಕಾಣುವ ಮಗು ಭುಜ ಮುಟ್ಟಿದರೆ ಎಚ್ಚರಗೊಳ್ಳುತ್ತದೆ. ಈ ಮಗು ಎಚ್ಚರಗೊಳ್ಳದು. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮಿದುಳಿನ ವಿದ್ಯುತ್ ಲೇಖನದ ವಿಧಾನದಿಂದ ಇದು ಸ್ಪಷ್ಟವಾಗಿ ಗುರುತಿಗೆ ಸಿಗುತ್ತದೆ: ಸೆಕೆಂಡಿಗೆ ಸುಮಾರು ಮೂರರಂತೆ ಮೊನಚು ಅಲೆಗಳು ಮೂಡುತ್ತವೆ. ಔಷಧಿಯಿಂದ ಬಹುಪಾಲು ಮಕ್ಕಳಲ್ಲಿ ಇದು ಹತೋಟಿಗೆ ಬರುತ್ತದೆ. ಅನೇಕರಲ್ಲಿ ಹರೆಯದ ಹೊತ್ತಿಗೆ ಅಳಿದೇ ಹೋಗುತ್ತದೆ.

ನೆಲಕ್ಕುರುಳಿ ಕೈಕಾಲು ಸೆಳೆಯುವ ಬಗೆಯನ್ನಾದರೋ ಎಲ್ಲರೂ ಬಲ್ಲರು. ಆದರೂ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇನ್ನೂ ನಿಂತಿಲ್ಲ. ಇವು ನಿಷ್ಫಲ. ಸೆಳೆತ ನಿಂತೊಡನೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಕೊರಳ ಗುಂಡಿ ಸಡಿಲಿಸಬೇಕು, ಬಾಯೊಳಗೆ ಏನನ್ನೂ ತುರುಕಬಾರದು, ಗಡಿಯಾರ ನೋಡಬೇಕು. ಸೆಳೆತ 5 ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದಿದ್ದ ಮಾತನ್ನೇ 1999ರ ತಿದ್ದುಪಡಿ ತೆಗೆದುಹಾಕಿತು. ಕಾಯಿದೆ ತಿದ್ದಿಕೊಂಡುದನ್ನು ಮನೆಮನೆಗಳು ಇನ್ನೂ ತಿದ್ದಿಕೊಳ್ಳಬೇಕಾಗಿದೆ.

ಚಿಕಿತ್ಸೆ ಆರಂಭವಾದ ಕೆಲವು ತಿಂಗಳುಗಳಲ್ಲಿ ಬಾಲಕಿ ಏಳರ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸಿದಳು. ಅಧ್ಯಾಪಕರು ಆ ಬೆಂಚಿನತ್ತ ನೋಡಲಾರದೆ ತಲೆತಗ್ಗಿಸಿದರು. ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಯುವ ಸಂಸ್ಥೆಗಳಲ್ಲಿ, ಶಿಕ್ಷೆಗೆ ಮುನ್ನ ಮಗುವಿನ ಮುಖವನ್ನು ಹತ್ತು ಸೆಕೆಂಡು ದಿಟ್ಟಿಸಿ ನೋಡುವುದೂ ಒಂದು ದಾಸೋಹವೇ ಸರಿ.